ಡೆಲ್ಫಿಕ್ ಎಂದರೆ ಅಡ್ಡಗೋಡೆಯ ಮೇಲಿನ ದೀಪವಾ?

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತೇನೆ ಎಂದಾಗ ಗ್ರಂಥಾಲಯದವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ‘ಒಂದೇ ಪದನಾ ಸಾರ್?’ ಎಂದರು. ಹೌದು, ಒಂದೇ. ಆ ಪದ ಒಮ್ಮೆ ನನ್ನ ಮಾನ ತೆಗೆದಿದೆ. ಅವತ್ತಿನಿಂದ ಅದರ ಬೆನ್ನು ಬಿಟ್ಟಿಲ್ಲ.

ಆಗ ನಾನು ಒಂದು ದಿನಪತ್ರಿಕೆಯಲ್ಲಿ ಸುದ್ದಿ ಅನುವಾದಿಸುತ್ತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಪುಟ ಹೋಗುವ ಹೊತ್ತಿಗೆ ಅಮೆರಿಕದ ಬಡ್ಡಿ ದರದ ಸುದ್ದಿ ಬಂತು. ದರ ಏರುತ್ತದಾ ಎಂದು ಕೇಳಿದ್ದಕ್ಕೆ ಅಲ್ಲಿನ ಕೇಂದ್ರ ಬ್ಯಾಂಕಿನ ಅಧಿಕಾರಿಯೊಬ್ಬರು ‘ಡೆಲ್ಫಿಕ್’ ಉತ್ತರ ಕೊಟ್ಟರು ಎಂದಿತ್ತು. ನನಗೆ ಅರ್ಥ ಗೊತ್ತಿರಲಿಲ್ಲ. ನಿಘಂಟು ತೆಗೆಯುವಷ್ಟು ಪುರುಸೊತ್ತೂ ಇರಲಿಲ್ಲ. ‘ಡೆಲ್ಫಿಕ್ ಉತ್ತರ’ ಎಂದೇ ಬರೆದು ತಳ್ಳಿದೆ. ಪ್ರೂಫ್ ನೋಡುತ್ತಿದ್ದ ಹಿರಿಯರಿಗೆ ಅದು ಅಚ್ಚಿನ ತಪ್ಪು ಎನಿಸಿತು. ಪಾಪ, ತಿದ್ದಿದರು. ಬೆಳಿಗ್ಗೆ ಪತ್ರಿಕೆಯಲ್ಲಿ ಅಮೆರಿಕದ ಅಧಿಕಾರಿ ‘ಡೆಲ್ಲಿಯ ಉತ್ತರ’ ಕೊಟ್ಟಿದ್ದರು. ಸಂಪಾದಕರು ಕರೆಸಿ ‘ಏನ್ರೀ ಇದು?’ ಎಂದರು. ನಾನು ಏನೇನೋ ತೊದಲಿದೆ. ಈಗ ಯೋಚಿಸಿದರೆ ಅದೂ ಒಂದು ಡೆಲ್ಫಿಕ್ ಉತ್ತರವೇ.

ಆಮೇಲೆ ನಿಘಂಟು ನೋಡಿದೆ. ಡೆಲ್ಫಿಕ್: ಡೆಲ್ಫಿಗೆ ಸಂಬಂಧಿಸಿದ, ಗೂಢವಾದ, ಎರಡು ಅರ್ಥ ಬರುವ. ಸರಿ, ಇದಕ್ಕೆ ನಮ್ಮಲ್ಲೇ ಸೊಗಸಾದ ಮಾತಿದೆಯಲ್ಲ ಎನಿಸಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ಇಟ್ಟವನು ಯಾವ ಕಡೆಯವನು ಎಂದು ಯಾರಿಗೂ ತಿಳಿಯಬಾರದು. ಎಷ್ಟೋ ವರ್ಷ ಡೆಲ್ಫಿಕ್ ಎಂದು ಬಂದ ಕಡೆಯಲ್ಲೆಲ್ಲ ಕಣ್ಣು ಮುಚ್ಚಿ ಈ ದೀಪವನ್ನೇ ಇಟ್ಟೆ. ಅದು ತಪ್ಪು ಎಂದು ಈಚೆಗೆ ಅನಿಸುತ್ತಿದೆ. ಯಾಕೆ ಎಂದು ಹೇಳುವುದಕ್ಕೇ ಇವತ್ತು ಬಂದಿರುವುದು.

ಮೊದಲು ಊರು ನೋಡೋಣ. ಗ್ರೀಸಿನ ನಡುಭಾಗದಲ್ಲಿ ಪರ್ನಾಸಸ್ ಎಂಬ ಬೆಟ್ಟ. ಅದರ ಇಳಿಜಾರಿನಲ್ಲಿ ಡೆಲ್ಫಿ. ಬೆನ್ನಿಗೆ ಕಡಿದಾದ ಬಂಡೆಗಳು, ಬಂಡೆಗಳ ನಡುವೆ ಕಸ್ಟಾಲಿಯಾ ಎಂಬ ಚಿಲುಮೆ, ಕೆಳಗೆ ಕಣ್ಣು ಹಾಯುವಷ್ಟು ದೂರ ಆಲಿವ್ ತೋಟ, ಅದರಾಚೆ ಕೊರಿಂತ್ ಕೊಲ್ಲಿಯ ನೀರು. ಅಲ್ಲಿ ಅಪೊಲೊ ದೇವರ ಗುಡಿ. ಅಪೊಲೊ ಬರುವುದಕ್ಕೆ ಮುಂಚೆ ಆ ಜಾಗವನ್ನು ಒಂದು ದೊಡ್ಡ ಹಾವು ಕಾಯುತ್ತಿತ್ತಂತೆ. ಅವನು ಅದನ್ನು ಕೊಂದ. ಅದು ಅಲ್ಲೇ ಕೊಳೆಯಿತು. ಗ್ರೀಕಿನಲ್ಲಿ ಕೊಳೆಯುವುದಕ್ಕಿರುವ ಮಾತಿನಿಂದ ಜಾಗಕ್ಕೆ ‘ಪೈಥೋ’ ಎಂದು ಹೆಸರಾಯಿತು, ಹಾವು ‘ಪೈಥಾನ್’ ಆಯಿತು, ಅಲ್ಲಿ ದೇವರ ಮಾತು ನುಡಿಯುವ ಹೆಂಗಸು ‘ಪೈಥಿಯಾ’ ಆದಳು ಎಂದು ಕಥೆ. ಬೆಂಗಳೂರಿನ ಹುಡುಗರು ಹಗಲು ರಾತ್ರಿ ಬರೆಯುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ಹೆಸರು ಬಂದದ್ದು ಒಂದು ಬ್ರಿಟಿಷ್ ಹಾಸ್ಯ ತಂಡದಿಂದ. ಆದರೂ ಆ ಹೆಸರಿನ ಬಾಲ ಹಿಡಿದು ಹೋಗುತ್ತಾ ಇದ್ದರೆ ಕೊನೆಗೆ ಸಿಗುವುದು ಡೆಲ್ಫಿಯಲ್ಲಿ ಕೊಳೆತ ಹಾವೇ.

ಜನ ಬಂದು ದೇವರನ್ನು ಪ್ರಶ್ನೆ ಕೇಳಿ ಉತ್ತರ ಪಡೆಯುವ ಇಂಥ ಜಾಗಕ್ಕೆ ಇಂಗ್ಲಿಷಿನಲ್ಲಿ ಒರಾಕಲ್ ಎನ್ನುತ್ತಾರೆ. ಅದು ಗ್ರೀಕ್ ಪದವೇ ಅಲ್ಲ, ಲ್ಯಾಟಿನ್. ‘ಮಾತಾಡು’, ‘ಬೇಡಿಕೋ’ ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಅಷ್ಟು ಸಾಕು.

ಈ ಪೈಥಿಯಾ ಯಾರು? ಕ್ರಿ.ಶ. ಒಂದನೇ ಶತಮಾನದ ಕೊನೆಯ ಹೊತ್ತಿಗೆ ಪ್ಲೂಟಾರ್ಕ್ ಎಂಬ ಲೇಖಕ ಡೆಲ್ಫಿಯಲ್ಲಿ ಅರ್ಚಕನಾಗಿದ್ದ. ಅವನ ಕಾಲದ ಪೈಥಿಯಾ ಬಡ ರೈತನ ಮಗಳು. ಓದಿದವಳಲ್ಲ, ಲೋಕ ಕಂಡವಳೂ ಅಲ್ಲ. ಹಿಂದೆ ಹರೆಯದ ಹುಡುಗಿಯರನ್ನೇ ಕೂರಿಸುತ್ತಿದ್ದರಂತೆ. ಥೆಸಲಿಯಿಂದ ಬಂದವನೊಬ್ಬ ಒಬ್ಬಳನ್ನು ಎತ್ತಿಕೊಂಡು ಹೋದ. ಅಂದಿನಿಂದ ಐವತ್ತು ದಾಟಿದವಳೇ ಆಗಬೇಕು ಎಂದು ಕಟ್ಟಳೆ ಮಾಡಿದರು. ಉಡುಪು ಮಾತ್ರ ಹುಡುಗಿಯದೇ ಉಳಿಯಿತು. ಐವತ್ತು ದಾಟಿದ ಹೆಂಗಸು ಕನ್ಯೆಯ ವೇಷದಲ್ಲಿ, ಮೂರು ಕಾಲಿನ ಪೀಠದ ಮೇಲೆ, ಗುಡಿಯ ಒಳಕೋಣೆಯಲ್ಲಿ ಕುಳಿತಿರುತ್ತಿದ್ದಳು. ಹೊರಗೆ ರಾಜರ ದೂತರು ಸಾಲು ನಿಂತಿರುತ್ತಿದ್ದರು.

ದಿನಾ ಬಾಗಿಲು ತೆರೆಯುತ್ತಿರಲಿಲ್ಲ. ತಿಂಗಳಿಗೆ ಒಂದು ದಿನ. ಚಳಿಗಾಲದ ಮೂರು ತಿಂಗಳು ಅದೂ ಇಲ್ಲ. ಬಂದವರು ಹಣ ಕಟ್ಟಬೇಕು, ಬಲಿಗೆ ಮೇಕೆ ತರಬೇಕು. ಮೇಕೆಯ ಮೇಲೆ ತಣ್ಣೀರು ಚಿಮುಕಿಸುತ್ತಿದ್ದರು. ಅದು ಮೈಯೆಲ್ಲ ನಡುಗಿಸಿದರೆ ದೇವರು ಒಪ್ಪಿದ ಎಂದು ಲೆಕ್ಕ. ಸುಮ್ಮನೆ ನಿಂತರೆ ಆವತ್ತಿಗೆ ಕೇಳುವಂತಿಲ್ಲ. ನಮ್ಮ ಹಳ್ಳಿ ಜಾತ್ರೆಗಳಲ್ಲಿ ಬಲಿಯ ಕುರಿ ಮೈ ಕೊಡವುವುದನ್ನು ಕಾದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಒಮ್ಮೆ ದೂರದಿಂದ ದೊಡ್ಡವರು ಬಂದಿದ್ದರಂತೆ. ಮೇಕೆ ನಡುಗಲಿಲ್ಲ. ಅವರನ್ನು ಬರಿಗೈಲಿ ಕಳಿಸುವುದು ಹೇಗೆ ಎಂದು ಅರ್ಚಕರು ನೀರು ಸುರಿದೂ ಸುರಿದೂ ಹೇಗೋ ನಡುಗಿಸಿದರು. ಮನಸ್ಸಿಲ್ಲದ ಪೈಥಿಯಾಳನ್ನು ಒಳಗೆ ಕಳಿಸಿದರು. ಅವಳ ದನಿ ಒಡೆಯಿತು. ಚೀರುತ್ತಾ ಬಾಗಿಲ ಕಡೆ ಓಡಿ ಬಂದು ಬಿದ್ದಳು. ಕೆಲವು ದಿನಗಳಲ್ಲಿ ಸತ್ತಳು. ಇದನ್ನು ಬರೆದಿಟ್ಟವನು ಅದೇ ಪ್ಲೂಟಾರ್ಕ್.

ನೆಲದ ಬಿರುಕಿನಿಂದ ಹೊಗೆ ಬಂದು ಅವಳಿಗೆ ಮತ್ತೇರುತ್ತಿತ್ತು ಎಂಬ ಮಾತು ನೀವು ಕೇಳಿರಬಹುದು. 1892ರಲ್ಲಿ ಶುರುವಾದ ಫ್ರೆಂಚರ ಉತ್ಖನನದಲ್ಲಿ ಅಂಥ ಬಿರುಕು ಸಿಗಲಿಲ್ಲ. ನೂರು ವರ್ಷ ಕಳೆದ ಮೇಲೆ ಒಬ್ಬ ಭೂವಿಜ್ಞಾನಿ, ಒಬ್ಬ ಪುರಾತತ್ವಜ್ಞ, ಒಬ್ಬ ರಸಾಯನಶಾಸ್ತ್ರಜ್ಞ ಸೇರಿ ಮತ್ತೆ ಹುಡುಕಿದರು. ಗುಡಿಯ ಕೆಳಗೆ ಎರಡು ಭೂಪದರದ ಸೀಳುಗಳು ಒಂದನ್ನೊಂದು ಹಾಯುತ್ತವೆ, ಎಥಿಲೀನ್ ಅನಿಲ ಬಂದಿರಬಹುದು ಎಂದು 2001ರಲ್ಲಿ ಬರೆದರು. ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ. ಜಗಳ ನಡೆದೇ ಇದೆ. ನನಗೆ ಆ ಜಗಳದಲ್ಲಿ ಆಸಕ್ತಿ ಕಮ್ಮಿ. ಅವಳಿಗೆ ಮತ್ತೇರಿತ್ತೋ ಇಲ್ಲವೋ, ಕೇಳಿಸಿಕೊಂಡವರಿಗೆ ಏರಿದ್ದಂತೂ ನಿಜ.

ಆ ಪೈಕಿ ಮೊದಲನೆಯವನು ಕ್ರೀಸಸ್. ಲಿಡಿಯಾದ ರಾಜ. ಈಗಿನ ಟರ್ಕಿಯ ಪಶ್ಚಿಮ ಭಾಗ. ಸಾರ್ಡಿಸ್ ಅವನ ರಾಜಧಾನಿ. ಕುಬೇರನಂಥ ಸಿರಿವಂತ. ಇವನ ಕಥೆ ಹೆರೊಡೊಟಸ್ ಬರೆದ ಇತಿಹಾಸದಲ್ಲಿದೆ. ಪಕ್ಕದಲ್ಲಿ ಪರ್ಷಿಯಾದ ಸೈರಸ್ ಬೆಳೆಯುತ್ತಿದ್ದ. ಅವನ ಮೇಲೆ ಯುದ್ಧಕ್ಕೆ ಹೋಗಲೋ ಬೇಡವೋ? ದೇವರನ್ನು ಕೇಳಬೇಕು. ಆದರೆ ಯಾವ ದೇವರನ್ನು? ಕ್ರೀಸಸ್ ಜಾಣ, ದೇವರಿಗೇ ಪರೀಕ್ಷೆ ಇಟ್ಟ. ಡೆಲ್ಫಿ, ಡೊಡೊನಾ, ಲಿಬಿಯಾದ ಅಮ್ಮೋನ್ ಎಂದು ಹೆಸರಾದ ಕಡೆಗಳಿಗೆಲ್ಲ ದೂತರನ್ನು ಕಳಿಸಿದ. ಹೊರಟ ದಿನದಿಂದ ನೂರನೆಯ ದಿನ ಎಲ್ಲರೂ ಒಂದೇ ಪ್ರಶ್ನೆ ಕೇಳಬೇಕು: ನಮ್ಮ ರಾಜ ಈಗ ಏನು ಮಾಡುತ್ತಿದ್ದಾನೆ?

ನೂರನೆಯ ದಿನ ಕ್ರೀಸಸ್ ಅಡುಗೆಗೆ ಕುಳಿತಿದ್ದ! ಯಾರೂ ಊಹಿಸಲಾರದ ಅಡುಗೆ. ಆಮೆ ಮತ್ತು ಕುರಿಮರಿಯನ್ನು ಕತ್ತರಿಸಿ, ಕಂಚಿನ ಕೊಪ್ಪರಿಗೆಯಲ್ಲಿ ಹಾಕಿ, ಕಂಚಿನ ಮುಚ್ಚಳ ಮುಚ್ಚಿ ಬೇಯಿಸುತ್ತಿದ್ದ. ಅತ್ತ ಡೆಲ್ಫಿಯಲ್ಲಿ ದೂತರು ಒಳಗೆ ಬಂದು ಪ್ರಶ್ನೆ ಕೇಳುತ್ತಿದ್ದಂತೆಯೇ ಪೈಥಿಯಾ ನುಡಿದಳಂತೆ. ಮರಳಿನ ಲೆಕ್ಕ ಬಲ್ಲೆ, ಕಡಲಿನ ಅಳತೆ ಬಲ್ಲೆ, ಮೂಕನ ಮಾತು ತಿಳಿಯುತ್ತದೆ. ಗಟ್ಟಿ ಚಿಪ್ಪಿನ ಆಮೆ ಕುರಿಮಾಂಸದ ಜತೆ ಬೇಯುವ ವಾಸನೆ ಬರುತ್ತಿದೆ, ಕೆಳಗೂ ಕಂಚು, ಮೇಲೂ ಕಂಚು. ಇದರಲ್ಲಿ ಗೂಢ ಎನ್ನುವುದು ಏನಾದರೂ ಇದೆಯಾ? ಮುಚ್ಚಳದ ಲೋಹದವರೆಗೆ ಹೇಳಿಬಿಟ್ಟಳು.

ಕ್ರೀಸಸ್ ಕರಗಿಹೋದ. 117 ಲೋಹದ ಇಟ್ಟಿಗೆಗಳು, ಹೆಚ್ಚಿನವು ಬೆಳ್ಳಿ ಬೆರೆತ ಚಿನ್ನದವು, ಅದರ ಮೇಲೆ ಹತ್ತು ಟ್ಯಾಲೆಂಟ್ ತೂಕದ ಚಿನ್ನದ ಸಿಂಹ. ಎಲ್ಲ ಡೆಲ್ಫಿಗೆ. ಆಮೇಲೆ ನಿಜವಾದ ಪ್ರಶ್ನೆ ಕೇಳಿಸಿದ. ಪರ್ಷಿಯನ್ನರ ಮೇಲೆ ದಂಡೆತ್ತಿ ಹೋಗಲಾ? ಉತ್ತರ ಬಂತು: ಹೋದರೆ ಒಂದು ದೊಡ್ಡ ಸಾಮ್ರಾಜ್ಯವನ್ನು ಹಾಳುಮಾಡುವೆ.

ಇನ್ನೂ ಒಂದು ಕೇಳಿಸಿದ. ನನ್ನ ಆಳ್ವಿಕೆ ಎಷ್ಟು ಕಾಲ? ಹೇಸರಗತ್ತೆಯೊಂದು ಮೀಡರಿಗೆ ರಾಜನಾದಾಗ ಓಡು, ನಾಚಿಕೆಪಡಬೇಡ ಎಂದು ಉತ್ತರ. ಮೀಡರು ಎಂದರೆ ಪರ್ಷಿಯನ್ನರ ನೆರೆಯ ಜನ. ಹೇಸರಗತ್ತೆ ಎಲ್ಲಾದರೂ ರಾಜ ಆಗುತ್ತದಾ? ಕ್ರೀಸಸ್ ಹಿಗ್ಗಿದ. ಹಾಲಿಸ್ ನದಿ ದಾಟಿದ. ಕ್ರಿ.ಪೂ. 546ರ ಸುಮಾರಿಗೆ ಸೈರಸ್ ಸಾರ್ಡಿಸ್‌ಗೆ ಮುತ್ತಿಗೆ ಹಾಕಿದ, ಹದಿನಾಲ್ಕೇ ದಿನಕ್ಕೆ ಊರು ಬಿತ್ತು.

ಕಥೆ ಇಲ್ಲಿಗೆ ಮುಗಿಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಮುಖ್ಯವಾದದ್ದು ಇದರ ಬಾಲ. ಸೆರೆಯಾದ ಕ್ರೀಸಸ್ ತನ್ನ ಬೇಡಿಗಳನ್ನು ಡೆಲ್ಫಿಗೆ ಕಳಿಸಿದ. ಗುಡಿಯ ಹೊಸ್ತಿಲ ಮೇಲೆ ಇಟ್ಟು ಕೇಳಿ ಎಂದ. ಅಷ್ಟು ಚಿನ್ನ ತಿಂದು ಇದಾ ನೀನು ಮಾಡುವುದು? ಅದಕ್ಕೆ ಬಂದ ಉತ್ತರ ನೇರವಾಗಿತ್ತು. ದೊಡ್ಡ ಸಾಮ್ರಾಜ್ಯ ಎಂದಾಗ ಯಾರದ್ದು, ಸೈರಸ್‌ದೋ ನನ್ನದೋ ಎಂದು ನೀನು ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ. ಹೇಸರಗತ್ತೆ ಎಂದರೆ ಸೈರಸ್. ತಾಯಿ ಮೀಡರ ರಾಜನ ಮಗಳು, ತಂದೆ ಅವಳಿಗಿಂತ ಕೆಳಗಿನ ಪರ್ಷಿಯನ್. ಎರಡು ಜಾತಿಯ ಹುಟ್ಟು. ಅದನ್ನೂ ನೀನು ಕೇಳಲಿಲ್ಲ. ಇದನ್ನು ಕೇಳಿ ಕ್ರೀಸಸ್ ತಪ್ಪು ತನ್ನದೇ ಎಂದು ಒಪ್ಪಿಕೊಂಡ ಎನ್ನುತ್ತಾನೆ ಹೆರೊಡೊಟಸ್.

ದೀಪಕ್ಕೂ ಡೆಲ್ಫಿಗೂ ವ್ಯತ್ಯಾಸ ಇಲ್ಲಿ ಕಂಡಿತು ನನಗೆ. ಅಡ್ಡಗೋಡೆಯ ಮೇಲೆ ದೀಪ ಇಡುವವನು ಜಾಣ, ನುಣುಚಿಕೊಳ್ಳುವವನು. ಅವನನ್ನು ಎಷ್ಟು ಸಲ ಕೇಳಿದರೂ ಅದೇ ದೀಪ. ಡೆಲ್ಫಿ ಕಥೆಯಲ್ಲಿ ಇನ್ನೊಂದು ಪ್ರಶ್ನೆಗೆ ಜಾಗ ಇತ್ತು. ಚಿನ್ನದ ಸಿಂಹ ಎರಕ ಹೊಯ್ಯುವುದಕ್ಕೆ ಪುರುಸೊತ್ತಿದ್ದ ರಾಜನಿಗೆ ‘ಯಾರದ್ದು?’ ಎಂಬ ಒಂದು ಪದ ಕೇಳುವುದಕ್ಕೆ ಪುರುಸೊತ್ತಿರಲಿಲ್ಲ. ತನಗೆ ಬೇಕಾದ ಅರ್ಥ ಮೊದಲ ಸಲಕ್ಕೇ ಸಿಕ್ಕಿತಲ್ಲ.

ಇದೇ ಬಾಗಿಲಲ್ಲಿ ಮತ್ತೆ ಕೇಳಿದವರೂ ಇದ್ದಾರೆ. ಕ್ರಿ.ಪೂ. 480ರ ಯುದ್ಧಕ್ಕೆ ಮೊದಲು, ಪರ್ಷಿಯಾದ ಸೇನೆ ಬರುತ್ತಿದೆ ಎಂದಾಗ ಅಥೆನ್ಸಿನ ದೂತರು ಡೆಲ್ಫಿಗೆ ಹೋದರು. ಇಲ್ಲಿ ಯಾಕೆ ಕುಳಿತಿದ್ದೀರಿ, ಲೋಕದ ಅಂಚಿಗೆ ಓಡಿ ಎಂದು ಮೊದಲ ಉತ್ತರ. ಅವರು ಊರಿಗೆ ಮರಳಲಿಲ್ಲ. ಶರಣಾಗತರಂತೆ ಮರದ ರೆಂಬೆ ಹಿಡಿದು ಮತ್ತೆ ಒಳಗೆ ಹೋಗಿ, ಇದಕ್ಕಿಂತ ಒಳ್ಳೆಯದೇನಾದರೂ ಹೇಳದಿದ್ದರೆ ಇಲ್ಲೇ ಸಾಯುತ್ತೇವೆ ಎಂದು ಹಟ ಹಿಡಿದರು. ಎರಡನೇ ಉತ್ತರದಲ್ಲಿ ಎರಡು ಮಾತು ಇತ್ತು. ಮರದ ಗೋಡೆಯೊಂದೇ ಬೀಳದೆ ಉಳಿಯುತ್ತದೆ. ಕೊನೆಗೆ, ದಿವ್ಯ ಸಲಾಮಿಸ್, ನೀನು ಹೆಂಗಸರ ಮಕ್ಕಳನ್ನು ಕೊಲ್ಲುವೆ. ಸಲಾಮಿಸ್ ಎಂದರೆ ಅಥೆನ್ಸಿನ ಹತ್ತಿರದ ಒಂದು ದ್ವೀಪ.

ಅಥೆನ್ಸಿನಲ್ಲಿ ಊರಿಗೆ ಊರೇ ಕೂತು ಇದರ ಅರ್ಥ ಏನು ಎಂದು ಚರ್ಚಿಸಿತು. ಮರದ ಗೋಡೆ ಎಂದರೆ ಅಕ್ರೊಪೊಲಿಸ್ ಗುಡ್ಡಕ್ಕೆ ಹಿಂದೆ ಇದ್ದ ಬೇಲಿ ಎಂದರು ಕೆಲವು ಹಿರಿಯರು. ಹಡಗುಗಳು ಎಂದರು ಇನ್ನು ಕೆಲವರು. ಹಾಗಾದರೆ ಸಲಾಮಿಸ್‌ನಲ್ಲಿ ಸಾಯುವ ಮಕ್ಕಳು ನಮ್ಮವರೇ ಎಂದು ಗ್ರಂಥ ಬಲ್ಲವರು ಹೆದರಿಸಿದರು. ಆಗ ಥೆಮಿಸ್ಟೊಕ್ಲಿಸ್ ಎದ್ದು ನಿಂತ. ಅವನು ಹಿಡಿದದ್ದು ಒಂದೇ ಒಂದು ವಿಶೇಷಣ. ನಮ್ಮವರು ಸಾಯುವುದಾದರೆ ‘ಕ್ರೂರ ಸಲಾಮಿಸ್’ ಎನ್ನಬೇಕಿತ್ತು, ‘ದಿವ್ಯ’ ಎಂದಿದೆ, ಸಾಯುವವರು ಶತ್ರುಗಳು. ಒಂದು ಪದ ಹೀಗೆ ಓದಿ ಒಂದು ಊರನ್ನು ಹಡಗು ಹತ್ತಿಸಿದವನು ಬೇರೆ ಯಾರಿದ್ದಾನೋ ಗೊತ್ತಿಲ್ಲ! ಹಡಗುಗಳೂ ಅವನ ಮಾತಿನಿಂದಲೇ ಬಂದವು. ಲಾರಿಯನ್ ಗಣಿಯಲ್ಲಿ ಬೆಳ್ಳಿ ಸಿಕ್ಕಾಗ ಹಂಚಿಕೊಳ್ಳುವುದು ಬೇಡ, ಹಡಗು ಕಟ್ಟೋಣ ಎಂದು ಅವನೇ ಒಪ್ಪಿಸಿದ್ದ. ಸಲಾಮಿಸ್‌ನಲ್ಲಿ ಪರ್ಷಿಯನ್ನರು ಸೋತರು. ಅಕ್ರೊಪೊಲಿಸ್‌ನಲ್ಲಿ ಬಾಗಿಲು ಹಲಗೆಗಳನ್ನು ಅಡ್ಡ ಕಟ್ಟಿಕೊಂಡು ಇದೇ ಮರದ ಗೋಡೆ ಎಂದು ನಂಬಿ ಕುಳಿತವರು ಅದಕ್ಕೂ ಮೊದಲೇ ಸತ್ತಿದ್ದರು. ಉತ್ತರ ಇಬ್ಬರಿಗೂ ಒಂದೇ ಬಂದಿತ್ತು.

ಕೇಳುವ ಮೊದಲೇ ಉತ್ತರ ಇಟ್ಟುಕೊಂಡು ಹೋದ ಇನ್ನೊಬ್ಬ ಜಾಣ ಅಥೆನ್ಸಿನ ಲೇಖಕ ಕ್ಸೆನೊಫಾನ್. ಪರ್ಷಿಯಾದ ರಾಜಕುಮಾರನೊಬ್ಬನ ದಂಡಯಾತ್ರೆಗೆ ಸೇರುವ ಆಸೆ ಅವನಿಗೆ. ದೇವರನ್ನು ಕೇಳಿ ಬಾ ಎಂದ ಸಾಕ್ರಟಿಸ್. ಇವನು ಡೆಲ್ಫಿಗೆ ಹೋಗಿ, ಯಾವ ಯಾವ ದೇವರಿಗೆ ಬಲಿ ಕೊಟ್ಟರೆ ಪ್ರಯಾಣ ಚೆನ್ನಾಗಿ ಆಗುತ್ತದೆ ಎಂದು ಕೇಳಿದ. ದೇವರುಗಳ ಹೆಸರು ಬಂತು. ಹೋಗಬೇಕೋ ಬೇಡವೋ ಎಂದು ಮೊದಲು ಕೇಳಬೇಕಿತ್ತಲ್ಲಯ್ಯಾ ಎಂದು ಸಾಕ್ರಟಿಸ್ ಬೈದ. ರಜೆ ಹಾಕಲಾ ಎಂದು ಕೇಳದೆ, ಸಾರ್ ರಜೆ ಅರ್ಜಿ ಯಾರ ಟೇಬಲ್ಲಿಗೆ ಕೊಡಲಿ ಎನ್ನುವವರು ನಮ್ಮ ಆಫೀಸುಗಳಲ್ಲೂ ಇದ್ದಾರೆ.

ಈಗ ನನ್ನ ಮಾತಿಗೆ ನಾನೇ ಅಡ್ಡ ಬರಬೇಕು. ಈ ಕಥೆಗಳೆಲ್ಲ ನಿಜವಾಗಿ ಡೆಲ್ಫಿಯಲ್ಲಿ ನಡೆದವಾ? ಅಮೆರಿಕದ ವಿದ್ವಾಂಸ ಜೋಸೆಫ್ ಫಾಂಟೆನ್‌ರೋಸ್ ಡೆಲ್ಫಿಯದು ಎನ್ನುವ 500ಕ್ಕೂ ಹೆಚ್ಚು ಉತ್ತರಗಳನ್ನು ಗುಡ್ಡೆ ಹಾಕಿ ಜರಡಿ ಹಿಡಿದು 1978ರಲ್ಲಿ ಪ್ರಕಟಿಸಿದರು. ಆಯಾ ಕಾಲದಲ್ಲೇ ದಾಖಲಾದವು ಎಂದು ಅವರು ನಂಬಿದ್ದು 75ರಷ್ಟನ್ನು ಮಾತ್ರ. ಆ ಪೈಕಿ ಒಗಟು ಎನ್ನುವುದು ಇಲ್ಲವೇ ಇಲ್ಲ ಎನ್ನಬಹುದು. ಇಂಥ ದೇವರಿಗೆ ಬಲಿ ಕೊಡಿ. ಹಬ್ಬ ಮಾಡಿ. ಹೌದು, ಹಾಗೆ ಮಾಡುವುದು ಮೇಲು. ಇಷ್ಟೇ. ಸಪ್ಪೆ, ಸರ್ಕಾರಿ ಆದೇಶದ ಹಾಗೆ.

ಒಂದು ಉದಾಹರಣೆ ಕಲ್ಲಿನ ಮೇಲೆ ಕೊರೆದದ್ದು ಸಿಕ್ಕಿದೆ, ಕ್ರಿ.ಪೂ. 352ರ ಸುಮಾರಿನದು. ಎಲ್ಯೂಸಿಸ್‌ನ ದೇವಿಯರಿಗೆ ಸೇರಿದ ಒಂದಿಷ್ಟು ಜಮೀನನ್ನು ಗೇಣಿಗೆ ಕೊಡುವುದೋ, ಬೀಳು ಬಿಡುವುದೋ ಎಂದು ಅಥೆನ್ಸಿಗೆ ಗೊಂದಲ. ಎರಡು ತವರದ ತಗಡು ತೆಗೆದುಕೊಂಡರು. ಒಂದರಲ್ಲಿ ಕೊಡಿ ಎಂದು, ಇನ್ನೊಂದರಲ್ಲಿ ಬಿಡಿ ಎಂದು ಬರೆದರು. ಸುರುಳಿ ಸುತ್ತಿ, ಉಣ್ಣೆಯಲ್ಲಿ ಸುತ್ತಿ, ಕಂಚಿನ ಕೊಡದಲ್ಲಿ ಕುಲುಕಿದರು. ಒಂದನ್ನು ಚಿನ್ನದ ಕೊಡಕ್ಕೆ, ಇನ್ನೊಂದನ್ನು ಬೆಳ್ಳಿಯ ಕೊಡಕ್ಕೆ ಹಾಕಿ ಮುದ್ರೆ ಒತ್ತಿದರು. ಡೆಲ್ಫಿಗೆ ಹೋದವರು ಕೇಳಬೇಕಾದ್ದು ಇಷ್ಟೇ: ಚಿನ್ನದ ಕೊಡದ ಮಾತು ಕೇಳುವುದೋ, ಬೆಳ್ಳಿಯದ್ದೋ? ಪ್ರಶ್ನೆ ಏನು ಎನ್ನುವುದೇ ಪೈಥಿಯಾಗೆ ಗೊತ್ತಿಲ್ಲ. ಇಲ್ಲಿ ಒಗಟು ಕಟ್ಟಿದವರು ಕೇಳುವವರು.

ಡೊಡೊನಾ ಎಂಬ ಇನ್ನೊಂದು ದೈವವಾಣಿಯ ಜಾಗದಲ್ಲಿ ಜನ ಪ್ರಶ್ನೆಗಳನ್ನು ಸೀಸದ ಸಣ್ಣ ತಗಡಿನ ಮೇಲೆ ಗೀಚಿ ಕೊಡುತ್ತಿದ್ದರು. ಅಂಥ 4000ಕ್ಕೂ ಹೆಚ್ಚು ಬರಹಗಳು ಪ್ರಕಟವಾಗಿವೆ. ರಾಜರಿಲ್ಲ, ಸಾಮ್ರಾಜ್ಯಗಳಿಲ್ಲ. ಆಗಿಸ್ ಎಂಬವನು ಕೇಳುತ್ತಾನೆ: ನನ್ನ ಹೊದಿಕೆ ದಿಂಬುಗಳನ್ನು ಹೊರಗಿನವರು ಯಾರಾದರೂ ಕದ್ದರಾ? ಲಿಸಾನಿಯಸ್ ಎಂಬವನು ಕೇಳುತ್ತಾನೆ: ಅನ್ನೂಲಾಳ ಹೊಟ್ಟೆಯಲ್ಲಿರುವ ಮಗು ನನ್ನದಾ? ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಗಂಡಸು ಕೂತು ಸೀಸದ ಮೇಲೆ ಇದನ್ನು ಗೀಚುತ್ತಿರುವುದನ್ನು ಯೋಚಿಸಿ. ಇವನಿಗೆ ಬೇಕಾಗಿದ್ದದ್ದು ಹೌದು, ಇಲ್ಲ, ಎರಡರಲ್ಲಿ ಒಂದು.

ಹಾಗಾದರೆ ಡೆಲ್ಫಿಕ್ ಎಂಬ ಪದ ಹುಟ್ಟಿದ್ದು ಡೆಲ್ಫಿಯ ಗುಡಿಯಲ್ಲಿ ಅಲ್ಲ, ಡೆಲ್ಫಿಯ ಕಥೆಗಳಲ್ಲಿ. ಕಥೆ ಕಟ್ಟಿದವರಿಗೆ ಜಮೀನು ಗೇಣಿಯ ಉತ್ತರ ಯಾತಕ್ಕೂ ಬರುವುದಿಲ್ಲ. ಅವರಿಗೆ ಕ್ರೀಸಸ್ ಬೇಕು. ಹೆರಾಕ್ಲಿಟಸ್ ಎಂಬ ತತ್ವಜ್ಞಾನಿಯ ಒಂದು ಮಾತಿದೆ. ಡೆಲ್ಫಿಯ ಒಡೆಯ ಹೇಳುವುದೂ ಇಲ್ಲ, ಬಚ್ಚಿಡುವುದೂ ಇಲ್ಲ, ಸನ್ನೆ ಮಾಡುತ್ತಾನೆ. ಸನ್ನೆ ಅರ್ಥವಾಗಬೇಕಾದರೆ ನೋಡುವವನು ಎಚ್ಚರ ಇರಬೇಕು. ಡೆಲ್ಫಿಕ್‌ಗೆ ನಾನು ನೋಡಿದ ವಿವರಣೆಗಳಲ್ಲೆಲ್ಲ ಒಳ್ಳೆಯದು ಇದೇ. ನಿಘಂಟಿನವರು ಬಚ್ಚಿಡುವುದನ್ನು ಮಾತ್ರ ಎತ್ತಿಕೊಂಡರು.

ಇತ್ತೀಚೆಗೆ ಪದ ಮತ್ತೆ ಹೊರಳಿದೆ. 1950ರ ದಶಕದಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯವರು ‘ಡೆಲ್ಫಿ’ ಎಂಬ ವಿಧಾನ ಮಾಡಿದರು. ಪರಿಣತರಿಗೆ ಬೇರೆ ಬೇರೆಯಾಗಿ ಪ್ರಶ್ನೆ ಕೊಡುವುದು, ಯಾರು ಏನೆಂದರು ಎಂದು ಹೆಸರು ಹೇಳದೆ ಉತ್ತರಗಳನ್ನು ಎಲ್ಲರಿಗೂ ತೋರಿಸುವುದು, ಮತ್ತೆ ಕೇಳುವುದು. ಗಮನಿಸಿ, ಮತ್ತೆ ಕೇಳುವುದು! ಕ್ರೀಸಸ್ ಮಾಡದೆ ಬಿಟ್ಟಿದ್ದನ್ನೇ ಇವರು ವಿಧಾನ ಮಾಡಿಕೊಂಡರು. ಅರ್ಥಶಾಸ್ತ್ರದವರು 2012ರಲ್ಲಿ ಇನ್ನೊಂದು ಮಾಡಿದರು. ಕೇಂದ್ರ ಬ್ಯಾಂಕು ಮುಂದಿನ ಬಡ್ಡಿ ದರದ ಬಗ್ಗೆ ಆಡುವ ಮಾತು ಎರಡು ಥರ. ಹೀಗಾಗಬಹುದು ಎಂದು ಸುಮ್ನೆ ಅಂದಾಜು ಹೇಳಿದರೆ ಡೆಲ್ಫಿಕ್. ಹೀಗೇ ಮಾಡುತ್ತೇನೆ ಎಂದು ಮಾತು ಕೊಟ್ಟರೆ ಒಡಿಸಿಯನ್. ಸೈರನ್ ಎಂಬ ಮಾಯಾಂಗನೆಯರ ಹಾಡಿಗೆ ಮರುಳಾಗಿ ಹೋಗಬಾರದೆಂದು ಹಡಗಿನ ಕಂಬಕ್ಕೆ ತನ್ನನ್ನೇ ಕಟ್ಟಿಸಿಕೊಂಡ ಗ್ರೀಕ್ ಕಾವ್ಯದ ನಾಯಕ ಒಡಿಸ್ಯೂಸ್‌ನ ನೆನಪಿಗೆ. ಇಲ್ಲಿ ಡೆಲ್ಫಿಕ್ ಎಂದರೆ ಗೂಢ ಅಂತಲೇ ಅಲ್ಲ, ಮಾತಿಗೆ ಕಟ್ಟು ಬಿದ್ದಿಲ್ಲ ಎಂದು. ಅವತ್ತು ರಾತ್ರಿ ನನ್ನ ಸುದ್ದಿಯಲ್ಲಿದ್ದ ಅಧಿಕಾರಿ ಇದರಲ್ಲಿ ಯಾವ ಡೆಲ್ಫಿಕ್ ಆಗಿದ್ದರೋ.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ‘ಹಾಗಾದ್ರೆ ಇವತ್ತು ಅದೇ ಸುದ್ದಿ ಬಂದರೆ ಕನ್ನಡದಲ್ಲಿ ಏನು ಬರೀತೀರ ಸಾರ್?’

ಇದನ್ನು ಯೋಚಿಸಿಯೇ ಬಂದಿದ್ದೆ. ಹೂವಿನಹಡಗಲಿ ಹತ್ತಿರದ ಮೈಲಾರದ ಕಾರ್ಣಿಕ ನಿಮಗೆ ಗೊತ್ತು. ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ. ‘ಸದ್ದಲೇ’ ಎನ್ನುತ್ತಾನೆ. ಅಷ್ಟು ದೊಡ್ಡ ಜನರಾಶಿ ಗಪ್‌ಚುಪ್. ಒಂದೇ ಸಾಲು ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ವಿಧಾನಸಭೆ ಚುನಾವಣೆಗೆ ಮುಂಚೆ, 2023ರಲ್ಲಿ, ‘ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್’ ಎಂದಾಗ ಕಂಬಳಿ ಯಾರದ್ದು ಎಂದು ಎಷ್ಟು ದಿನ ಚರ್ಚೆಯಾಯಿತು! ರೈತರು ಮಳೆ ಬೆಳೆ ಎಂದರು, ರಾಜಕೀಯದವರು ಕುರ್ಚಿ ಎಂದರು. ಅದಕ್ಕೆ ‘ಅಧಿಕಾರಿ ಕಾರ್ಣಿಕ ನುಡಿದಂತೆ ಉತ್ತರಿಸಿದರು’ ಎಂದು ಬರೆಯುತ್ತೇನೆ ಎಂದೆ. ಒಂದು ಕೊರತೆ ಇದೆ, ಮೈಲಾರದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಮತ್ತೆ ಕೇಳುವುದಕ್ಕೆ ದಾರಿಯೂ ಇಲ್ಲ. ಆದರೂ ದೀಪಕ್ಕಿಂತ ಇದು ಹತ್ತಿರ ಎಂದೆ. ಸಭೆಯಲ್ಲಿ ತಲೆಗಳು ಆಡಿದವು. ನನಗೂ ಖುಷಿಯಾಯಿತು.

ಹಿಂದಿನ ಸಾಲಿನಿಂದ ಯಜಮಾನರೊಬ್ಬರು ಎದ್ದರು. ಹಡಗಲಿ ಕಡೆಯವರಂತೆ. ‘ಎಲ್ಲಾ ಸರಿ ಸಾರ್’ ಎಂದರು. ‘ನಮ್ಮ ಗೊರವಯ್ಯ ಹನ್ನೊಂದು ದಿನ ಉಪವಾಸ ಮಾಡ್ತಾನೆ. ಮಾತು ಆಡಿದ ಮೇಲೆ ಮೇಲಿಂದ ಬೀಳ್ತಾನೆ. ನಿಮ್ಮ ಬ್ಯಾಂಕಿನವರು ಇವೆರಡರಲ್ಲಿ ಯಾವುದು ಮಾಡ್ತಾರೆ?’

ಚಹಾ ಬಂದಿತ್ತು. ಎಲ್ಲರೂ ಎದ್ದೆವು.